‘ಇಂದ’ ಬಲ್ಲ ಮಕ್ಕಳಿಗೆ ಎಂಥ ಲ್ಯಾಟಿನ್ ಪುಸ್ತಕ?

ಈ ಸಲ ಊರಿಗೆ ಬರುವಾಗ ನಮ್ಮ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಲ್ಯಾಟಿನ್ ಪುಸ್ತಕಗಳ ತೂಕವೇ ಹೆಚ್ಚಿತ್ತು. ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಮಕ್ಕಳಿಬ್ಬರೂ ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತಾರೆ. ಗಣಿತ, ವಿಜ್ಞಾನ ಹೆಂಡತಿಯ ಪಾಲು. ಭಾಷೆ, ಇತಿಹಾಸ ನನ್ನ ಪಾಲು. ಮಗಳಿಗೆ ಹನ್ನೆರಡು, ಮಗನಿಗೆ ಒಂಬತ್ತು. ಮಗಳು ಮೂರು ವರ್ಷದಿಂದ ಲ್ಯಾಟಿನ್ ಕಲಿಯುತ್ತಿದ್ದಾಳೆ. ಆರಂಭದ ಹಂತ ಮುಗಿದಿದೆ. ಮುಂದೆ ಯಾವ ಪುಸ್ತಕ ಹಿಡಿಯುವುದು ಎಂಬ ಪ್ರಶ್ನೆ ಇಡೀ ಚಳಿಗಾಲ ನನ್ನನ್ನು ಕಾಡಿತು. ಅಲ್ಲಿ ಬಗೆಹರಿಯದ್ದು ಇಲ್ಲಿ, ಉಡುಪಿಯ ಪಕ್ಕದ ಕಲ್ಯಾಣಪುರದಲ್ಲಿ, ನಮ್ಮ ಮನೆಯ ಜಗಲಿಯಲ್ಲಿ ಕೂತಾಗ ಬಗೆಹರಿಯಿತು.

ಬಂದ ಮರುದಿನವೇ ದೊಡ್ಡಪ್ಪ ಕೇಳಿದರು: “ಸಂಸ್ಕೃತ ಬಿಟ್ಟು ಲ್ಯಾಟಿನ್ ಎಂತಕ್ಕೆ ಮಾರಾಯ?” ಅವರು ಉಡುಪಿಯ ಸಂಸ್ಕೃತ ಕಾಲೇಜಿನಲ್ಲಿ ಓದಿದವರು, ಕೇಳುವ ಹಕ್ಕು ಅವರಿಗಿದೆ. ನಾನು ಉತ್ತರ ಹೇಳುವ ಮೊದಲೇ ಮಗಳು ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು. ಅವಳಿಗೆ ಗಿಡಮರಗಳ ಹುಚ್ಚು. ಮಾವಿನ ಮರ ಮಾಂಗಿಫೆರ ಇಂಡಿಕ, ಅಂದರೆ ಮಾವು ಹೊರುವುದು. ತೆಂಗು ಕೋಕೋಸ್ ನುಸಿಫೆರ, ಕಾಯಿ ಹೊರುವುದು. ಪುನರ್ಪುಳಿ ಗಾರ್ಸೀನಿಯ ಇಂಡಿಕ. “ಈ ಫೆರ ಅಂದರೆ ಹೊರುವುದು, ದೊಡ್ಡಜ್ಜ” ಎಂದಳು. ದೊಡ್ಡಪ್ಪ ಒಂದು ಕ್ಷಣ ಸುಮ್ಮನಿದ್ದು, “ಭರತಿ” ಎಂದರು. ಅದೇ ಧಾತು. ಆಮೇಲೆ ಅವರು ಆ ಪ್ರಶ್ನೆ ಎತ್ತಲಿಲ್ಲ. ನಮ್ಮ ಕರಾವಳಿಯ ಗಿಡಮೂಲಿಕೆಗಳನ್ನು ಜಗತ್ತಿಗೆ ತೋರಿಸಿದ ‘ಹೋರ್ತುಸ್ ಮಲಬಾರಿಕುಸ್’ 1678ರಿಂದ 1693ರ ನಡುವೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದದ್ದು ಲ್ಯಾಟಿನ್ನಿನಲ್ಲಿ. ಅದಕ್ಕೆ ಮಾಹಿತಿ ಕೊಟ್ಟವರಲ್ಲಿ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರಿದ್ದರು. ಇದನ್ನು ಹೇಳಿದಾಗ ದೊಡ್ಡಪ್ಪನಿಗೆ ಲ್ಯಾಟಿನ್ ಪೂರ್ತಿ ಪರರದ್ದು ಅನಿಸಲಿಲ್ಲ.

ಈಗ ಪುಸ್ತಕದ ವಿಚಾರ. ಮೂರು ವರ್ಷ ನಾವು ಬಳಸಿದ್ದು ಮನೆಶಾಲೆಯ ಮಕ್ಕಳಿಗೆಂದೇ ಮಾಡಿದ ಒಂದು ಪೆಟ್ಟಿಗೆ: ಪಠ್ಯ, ಅಭ್ಯಾಸ ಪುಸ್ತಕ, ಉತ್ತರ ಪುಸ್ತಕ, ವಿಡಿಯೊ, ಪದಗಳ ಕಾರ್ಡು. ಮಗಳು ಎಲ್ಲವನ್ನೂ ಶ್ರದ್ಧೆಯಿಂದ ಮುಗಿಸಿದಳು, ಪರೀಕ್ಷೆಗಳಲ್ಲಿ ಪೂರ್ತಿ ಅಂಕ. ಆಮೇಲೆ ಒಂದು ದಿನ ನಾಲ್ಕೇ ಸಾಲಿನ ಒಂದು ಸುಲಭ ಕಥೆ ಕೊಟ್ಟೆ. ಅವಳಿಗೆ ಓದಲಾಗಲಿಲ್ಲ. ಪ್ರತಿ ಪದಕ್ಕೂ ಪೆನ್ಸಿಲ್ಲಿನಿಂದ ಇದು ಕರ್ತೃ, ಇದು ಕರ್ಮ ಎಂದು ಗುರುತು ಹಾಕಿ, ಬಾಣ ಎಳೆದು, ಇಂಗ್ಲಿಷಿನ ಕ್ರಮಕ್ಕೆ ಜೋಡಿಸಿದ ಮೇಲಷ್ಟೇ ಅರ್ಥ ಹೇಳಿದಳು. ಇಪ್ಪತ್ತು ನಿಮಿಷ ಹಿಡಿಯಿತು. ಕಣ್ಣಲ್ಲಿ ನೀರು. ತಪ್ಪು ಅವಳದ್ದಲ್ಲ. ಖಾಲಿ ಜಾಗ ತುಂಬಲು ಕಲಿಸಿದ್ದೆವು, ತುಂಬಿದಳು.

ಮುಂದಿನ ಹಂತಕ್ಕೆ ಅಲ್ಲಿನ ತಂದೆತಾಯಂದಿರ ಮುಂದೆ ಎರಡು ದಾರಿಗಳಿವೆ. ಒಂದು ವ್ಯಾಕರಣದ ದಾರಿ. ಜೆಸ್ವಿಟ್ ಪಾದ್ರಿ ರಾಬರ್ಟ್ ಹೆನ್ಲೆಯವರ ಪುಸ್ತಕಗಳು ಈ ದಾರಿಯವು: ಪದ ಕಡಿಮೆ, ಅಭ್ಯಾಸ ಹೆಚ್ಚು, ಗುರಿ ಸೀಸರನ ಯುದ್ಧವರ್ಣನೆ. 1956ರ ವೀಲಾಕ್ ಪುಸ್ತಕವೂ ಇದೇ ಜಾತಿಯದು, ನಲವತ್ತು ಅಧ್ಯಾಯ. ಆದರೆ ಅದು ಕಾಲೇಜು ಹುಡುಗರಿಗೆ ಸರಿ, ಹನ್ನೆರಡರ ಮಗುವಿಗಲ್ಲ. ಇನ್ನೊಂದು ಓದಿನ ದಾರಿ. 1970ರ ಕೇಂಬ್ರಿಜ್ ಪಾಠಮಾಲೆ ಪಾಂಪೆಯಿ ಊರಿನ ಒಬ್ಬ ಲೇವಾದೇವಿಗಾರನ ಮನೆಯ ಕಥೆಯಿಂದ ಶುರುವಾಗುತ್ತದೆ. ಡೆನ್ಮಾರ್ಕಿನ ಹಾನ್ಸ್ ಓರ್ಬರ್ಗ್ ಬರೆದ ಪುಸ್ತಕ ಇನ್ನೂ ಮುಂದೆ ಹೋಗುತ್ತದೆ. ಅದರಲ್ಲಿ ಲ್ಯಾಟಿನ್ ಬಿಟ್ಟು ಬೇರೆ ಭಾಷೆಯ ಒಂದು ಪದವೂ ಇಲ್ಲ. ಅರ್ಥ ಬಿಡಿಸುವ ಅಂಚಿನ ಟಿಪ್ಪಣಿಗಳೂ ಲ್ಯಾಟಿನ್ನಿನಲ್ಲೇ. ಮೊದಲ ಭಾಗ ಮೂವತ್ತೈದು ಅಧ್ಯಾಯಗಳ ಒಂದೇ ಕುಟುಂಬದ ಕಥೆ. ಎರಡನೆಯ ಭಾಗಕ್ಕೆ ಬಂದರೆ ಮಗು ಮೂಲ ಲೇಖಕರ ಹೊಸ್ತಿಲಲ್ಲಿ ನಿಂತಿರುತ್ತದೆ.

ಓರ್ಬರ್ಗ್ ಪುಸ್ತಕದ ಮೊದಲ ವಾಕ್ಯ “ರೋಮ ಇನ್ ಇತಲಿಯಾ ಎಸ್ತ್”. ಜಗಲಿಯಲ್ಲಿ ಇದನ್ನು ಜೋರಾಗಿ ಓದಿದಾಗ ಮಗ ತಟ್ಟನೆ “ರೋಮ್ ಇಟಲಿಯಲ್ಲಿ ಇದೆ” ಎಂದ. ಒಂದು ‘ಇನ್’ ಬಿಟ್ಟರೆ ಪದಗಳ ಕ್ರಮ ನಮ್ಮದೇ. ನಾನು ಚಳಿಗಾಲವೆಲ್ಲ ಕಾಣದಿದ್ದದ್ದು ಆಗ ಕಂಡಿತು. ಅಮೆರಿಕದ ಪಠ್ಯಗಳು ಎರಡು ವರ್ಷ ಹಿಡಿದು ಕಲಿಸುವುದರಲ್ಲಿ ಅರ್ಧದಷ್ಟು, ನಮ್ಮ ಮಕ್ಕಳು ಊಟದ ಮಣೆಯ ಮೇಲೆ ಕೂತು ದಿನವೂ ಆಡುವ ಮಾತಿನಲ್ಲಿದೆ!

ನೋಡಿ. ಇಂಗ್ಲಿಷ್ ಮಾತ್ರ ಬಲ್ಲ ಮಗುವಿಗೆ ಪದದ ಬಾಲ ಬದಲಾದರೆ ಅರ್ಥ ಬದಲಾಗುತ್ತದೆ ಎನ್ನುವುದೇ ಹೊಸ ಸಂಗತಿ. ಅದಕ್ಕೇ ಆ ಪುಸ್ತಕಗಳು ಕರ್ಮ ಎಂದರೇನು, ಸಂಪ್ರದಾನ ಎಂದರೇನು ಎಂದು ಚಿತ್ರ ಬರೆದು ತಿಂಗಳುಗಟ್ಟಲೆ ವಿವರಿಸುತ್ತವೆ. ಅದು ಆ ಮಕ್ಕಳಿಗೆ ಬೇಕು. ನಮ್ಮ ಮಗು ಮೂರನೇ ವಯಸ್ಸಿಗೇ ಮನೆಗೆ, ಮನೆಯನ್ನು, ಮನೆಯಿಂದ, ಮನೆಯಲ್ಲಿ ಎಂದು ತಪ್ಪಿಲ್ಲದೆ ಹೇಳಿದೆ. “ಪುಎರ್ ಅಕ್ವಮ್ ಪೊರ್ತತ್” ಎಂದರೆ ಹುಡುಗ ನೀರನ್ನು ಹೊರುತ್ತಾನೆ. ಒಂದೊಂದು ಪದಕ್ಕೂ ಒಂದೊಂದು ಪದ, ಕ್ರಿಯಾಪದ ಕೊನೆಗೆ. ಬಾಣ ಎಳೆಯುವ ಕೆಲಸವೇ ಇಲ್ಲ. “ಮಿಹಿ ದುವೊ ಫೀಲಿಯೀ ಸುಂತ್” ಎನ್ನುವುದನ್ನು ಇಂಗ್ಲಿಷಿನವರಿಗೆ ವಿಶೇಷ ಪ್ರಯೋಗ ಎಂದು ಪ್ರತ್ಯೇಕ ಪಾಠದಲ್ಲಿ ಕಲಿಸುತ್ತಾರೆ. ನಮಗೆ ಅದು ನನಗೆ ಇಬ್ಬರು ಗಂಡುಮಕ್ಕಳಿದ್ದಾರೆ, ಅಷ್ಟೇ.

ಎಲ್ಲಕ್ಕಿಂತ ಸೊಗಸು ನಮ್ಮ ‘ಇಂದ’. ಲ್ಯಾಟಿನ್ನಿನಲ್ಲಿ ಅಬ್ಲೇಟಿವ್ ಎಂಬ ವಿಭಕ್ತಿಯೊಂದಿದೆ; ಸಂಸ್ಕೃತದ ತೃತೀಯಾ, ಪಂಚಮೀ, ಸಪ್ತಮೀ ಮೂರೂ ಅದರೊಳಗೆ ಸೇರಿಹೋಗಿವೆ. ಇಂಗ್ಲಿಷಿನಲ್ಲಿ ಇದಕ್ಕೆ ಸಂದರ್ಭಕ್ಕೊಂದು ಪದ ಬೇಕು, ಮಕ್ಕಳು ಅದರ ಬಗೆಬಗೆಯ ಬಳಕೆಗಳ ಪಟ್ಟಿಯನ್ನು ಉರು ಹೊಡೆಯುತ್ತಾರೆ. ಮಗಳಿಗೂ ಇದೊಂದು ಯಾವತ್ತೂ ಹತ್ತಿರಲಿಲ್ಲ. ಗ್ಲದಿಯೋ, ಕತ್ತಿಯಿಂದ. ರೋಮಾ, ರೋಮಿನಿಂದ. ತಿಮೋರೆ, ಭಯದಿಂದ. ಸಾಧನವೂ ‘ಇಂದ’, ಹೊರಟ ಜಾಗವೂ ‘ಇಂದ’, ಕಾರಣವೂ ‘ಇಂದ’. ಜಾಗ ಹೇಳುವಾಗ ಮಾತ್ರ ನಮ್ಮ ‘ಅಲ್ಲಿ’ ಬೇಕಾಗುತ್ತದೆ. ಇದನ್ನು ಮೊದಲೇ ಕನ್ನಡದಲ್ಲಿ ಹೇಳಿಕೊಟ್ಟಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಮನೆಯಲ್ಲಿ ಕನ್ನಡವನ್ನು ಅಡುಗೆಗೆ, ಅಕ್ಕರೆಗೆ ಮಾತ್ರ ಇಟ್ಟುಕೊಂಡು ಪಾಠಕ್ಕೆ ಕೂತೊಡನೆ ಇಂಗ್ಲಿಷಿಗೆ ಹೊರಳುತ್ತಿದ್ದೆನಲ್ಲ, ಅದು ನನ್ನನ್ನು ನಿಜವಾಗಿ ನೋಯಿಸಿತು.

ಲಿಪಿಯೂ ನಮಗೆ ಸಹಾಯಕ್ಕಿದೆ. ಲ್ಯಾಟಿನ್ನಿನಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥ ತಪ್ಪುತ್ತದೆ. ವೆನಿತ್ ಎಂದರೆ ಬರುತ್ತಾನೆ, ವೇನಿತ್ ಎಂದರೆ ಬಂದ. ಪೊಪುಲುಸ್ ಜನ, ಪೋಪುಲುಸ್ ಒಂದು ಮರ. ರೋಮನ್ ಲಿಪಿಯಲ್ಲಿ ಇದಕ್ಕೆ ಅಕ್ಷರದ ಮೇಲೊಂದು ಗೆರೆ ಎಳೆಯುತ್ತಾರೆ, ಮಕ್ಕಳು ಅದನ್ನು ಅಲಂಕಾರವೆಂದು ಬಿಟ್ಟುಬಿಡುತ್ತಾರೆ. ದೇವನಾಗರಿಗೂ ಹ್ರಸ್ವ ಎ, ಹ್ರಸ್ವ ಒ ಸರಿಯಾಗಿ ಒಗ್ಗುವುದಿಲ್ಲ. ಕನ್ನಡಕ್ಕೆ ಎ ಏ, ಒ ಓ ಎರಡೂ ಇವೆ. ಈಗ ಮಗಳ ಪದಪುಸ್ತಕ ಕನ್ನಡ ಲಿಪಿಯಲ್ಲಿದೆ, ದೀರ್ಘ ತಪ್ಪುವುದು ತೀರಾ ಕಡಿಮೆಯಾಗಿದೆ. ಮುಂದೆ ರೋಮಿನ ಕವಿ ವರ್ಜಿಲನ ಕಾವ್ಯಕ್ಕೆ ಬಂದಾಗಲೂ ಇದೇ ಕೈಹಿಡಿಯುತ್ತದೆ. ಆ ಛಂದಸ್ಸು ಲಘು ಗುರುಗಳದ್ದು. ಅದರ ಮುಖ್ಯ ಗಣ ಒಂದು ಗುರು, ಎರಡು ಲಘು, ಅಂದರೆ ನಮ್ಮ ಭಗಣ.

ಕನ್ನಡ ಎಲ್ಲ ಕಡೆಯೂ ದಾರಿ ತೋರಿಸುವುದಿಲ್ಲ ಎನ್ನುವುದನ್ನೂ ಹೇಳಬೇಕು. ನಮ್ಮ ‘ದೊಡ್ಡ’ ಯಾವ ಪದದ ಮುಂದೆ ನಿಂತರೂ ‘ದೊಡ್ಡ’ವೇ. ಲ್ಯಾಟಿನ್ನಿನ ಗುಣವಾಚಕ ನಾಮಪದದ ಲಿಂಗ, ವಚನ, ವಿಭಕ್ತಿ ಮೂರನ್ನೂ ಹೊರಬೇಕು. ಮೇಜು ಸ್ತ್ರೀಲಿಂಗ ಎಂದರೆ ಕನ್ನಡದ ಮಗು ಒಪ್ಪುವುದಿಲ್ಲ. ಇನ್ನೊಬ್ಬರ ಮಾತನ್ನು ವರದಿ ಮಾಡಲು ನಮಗೆ ‘ಅಂತ’ ಇದೆ, ಅವರು ಅದಕ್ಕೆ ವಾಕ್ಯವನ್ನೇ ಮುರಿದು ಕಟ್ಟುತ್ತಾರೆ. ಇಂಥ ಕಡೆ ರೂಪಗಳು ನಾಲಿಗೆಯ ಮೇಲಿರಬೇಕು, ಬೇರೆ ಉಪಾಯವಿಲ್ಲ.

ನಾಲಿಗೆಯ ವಿಷಯಕ್ಕೆ ನಮ್ಮ ನೆರೆಮನೆಯ ಮಾಷ್ಟ್ರ ಬಗ್ಗೆ ಹೇಳದೆ ಇರಲಾಗದು. ಚಿಕ್ಕಂದಿನಲ್ಲಿ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯಲ್ಲಿ ಪೂಜೆಯ ಹೊತ್ತು ಪಾದ್ರಿಗಳ ಪಕ್ಕ ನಿಂತು ಉತ್ತರ ಹೇಳುತ್ತಿದ್ದ ಹುಡುಗರಲ್ಲಿ ಅವರೂ ಒಬ್ಬರು. 1962ರಿಂದ 65ರ ವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ಬಳಿಕವಷ್ಟೇ ಪೂಜೆ ಜನರ ಭಾಷೆಗೆ ಬಂದದ್ದು. ಅದಕ್ಕೆ ಮೊದಲು ಲ್ಯಾಟಿನ್. ಮಕ್ಕಳ ಪುಸ್ತಕ ನೋಡಿದ್ದೇ ತಡ, ಎಪ್ಪತ್ತು ದಾಟಿದ ಅವರು ನೆಟ್ಟಗೆ ಕೂತು “ಇಂತ್ರೊಯಿಬೊ ಅದ್ ಅಲ್ತಾರೆ ದೇಯಿ” ಎಂದು ಶುರುಮಾಡಿದರು. ಪಾದ್ರಿಗಳ ಸಾಲಾದ ಮೇಲೆ ತಮ್ಮ ಸಾಲು: “ಅದ್ ದೇಉಮ್ ಕ್ವಿ ಲೇತಿಫಿಕಾತ್ ಯುವೆಂತೂತೆಮ್ ಮೇಅಮ್”. ನನ್ನ ಯೌವನಕ್ಕೆ ಸಂತೋಷ ಕೊಡುವ ದೇವರ ಬಳಿಗೆ. ಅಂದಿನಿಂದ ಇಂದಿನವರೆಗೆ ಒಂದು ಅಕ್ಷರ ಅಳಿಸಿಲ್ಲ.

“ಆಗ ಅರ್ಥ ಗೊತ್ತಿತ್ತಾ ಮಾಷ್ಟ್ರೇ?” ಎಂದೆ.

“ಎಂತದೂ ಇಲ್ಲ ಮಗಾ. ಶಬ್ದ ಮೊದಲು ಬಂತು. ಅರ್ಥ ಎಷ್ಟೋ ವರ್ಷ ಕಳೆದು, ಹುಡುಕಿಕೊಂಡು ಬಂತು.” ಅಭ್ಯಾಸ ಪುಸ್ತಕ ತಿರುವಿ ಹಾಕಿ ಮತ್ತೆ ಹೇಳಿದರು, “ಇದರಲ್ಲಿ ಬರೀಲಿಕ್ಕೆ ತುಂಬ ಉಂಟು. ಹೇಳ್ಲಿಕ್ಕೆ ಕಡಿಮೆ.”

ದೊಡ್ಡಪ್ಪ ಕಲಿತದ್ದೂ ಹಾಗೆಯೇ. ರಾಮಃ ರಾಮೌ ರಾಮಾಃ ಬಾಯಿಪಾಠ, ಧಾತುರೂಪ ಬಾಯಿಪಾಠ, ಅಮರಕೋಶ ಬಾಯಿಪಾಠ, ಆಮೇಲೆ ನೇರ ರಘುವಂಶ. ಶಬ್ದರೂಪಕ್ಕೂ ಕಾವ್ಯಕ್ಕೂ ನಡುವೆ ಅಭ್ಯಾಸ ಪುಸ್ತಕಗಳ ಏಳು ಮೆಟ್ಟಿಲು ಇರಲಿಲ್ಲ. ಗುರುಗಳು ಎದುರು ಕೂತು ಶ್ಲೋಕ ಬಿಡಿಸುತ್ತಿದ್ದರು, ಅನ್ವಯ ಹೇಳಿಸುತ್ತಿದ್ದರು. ಈ ಪದ್ಧತಿಯನ್ನು ಕಣ್ಣುಮುಚ್ಚಿ ಹೊಗಳಲಾರೆ. ರೂಪಗಳನ್ನು ಕಲಿತು ಕಾವ್ಯದವರೆಗೆ ತಲುಪದೆ ಬಿಟ್ಟವರು ನಮ್ಮ ಮನೆಯಲ್ಲೇ ಇದ್ದಾರೆ, ನಾನೂ ಅವರಲ್ಲೊಬ್ಬ. ಆದರೆ ಪಾಠ ಎಂದರೆ ಇಬ್ಬರು ಎದುರುಬದುರು ಕೂತು ಬಾಯಿ ಬಿಟ್ಟು ಓದುವುದು ಎನ್ನುವ ತಿಳಿವಳಿಕೆ ಇತ್ತಲ್ಲ, ಅದನ್ನು ಆ ದುಬಾರಿ ಪೆಟ್ಟಿಗೆ ನಮಗೆ ಕೊಡಲಿಲ್ಲ. ವಿಡಿಯೊ ಹಾಕಿ ಪಕ್ಕದ ಕೋಣೆಯಲ್ಲಿ ನನ್ನ ಕೆಲಸಕ್ಕೆ ಕೂರಲು ಮಾತ್ರ ಅನುಕೂಲ ಮಾಡಿಕೊಟ್ಟಿತು.

ಹಾಗಾಗಿ ಮಗಳಿಗೆ ಓರ್ಬರ್ಗ್ ಎಂದು ನಿಶ್ಚಯಿಸಿದೆ. ದಿನಕ್ಕೆ ಒಂದು ಪುಟ, ಇಬ್ಬರೂ ಜೋರಾಗಿ ಓದುವುದು, ಅರ್ಥವನ್ನು ಕನ್ನಡದಲ್ಲಿ ಹೇಳುವುದು. ಇಂಗ್ಲಿಷ್ ಅನುವಾದ ವಾರಕ್ಕೊಮ್ಮೆ ಬರವಣಿಗೆಗಾಗಿ ಮಾತ್ರ. ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ರೂಪಗಳ ಬಾಯಿಪಾಠ. ಅದರ ಕ್ರಮವನ್ನೂ ಬದಲಿಸಿದ್ದೇನೆ. ಅಮೆರಿಕದ ಪುಸ್ತಕಗಳಲ್ಲಿ ಪ್ರಥಮೆ ಆದೊಡನೆ ಷಷ್ಠಿ ಬರುತ್ತದೆ. ಕೆನಡಿ ಎಂಬ ಇಂಗ್ಲಿಷ್ ಪಂಡಿತ 1866ರ ತನ್ನ ಪುಸ್ತಕದಲ್ಲಿ ಬಳಕೆಗೆ ತಂದ ಕ್ರಮದಲ್ಲಿ ಪ್ರಥಮೆ, ಸಂಬೋಧನೆ, ದ್ವಿತೀಯೆ ಒಟ್ಟಿಗೆ ಬರುತ್ತವೆ. ದೊಡ್ಡಪ್ಪನ ಕಿವಿಗೂ ಮಕ್ಕಳ ಕಿವಿಗೂ ಅದೇ ಸರಿಹೊಂದುತ್ತದೆ. ಉಚ್ಚಾರಣೆಯಲ್ಲಿ ಮಾತ್ರ ನಾನೂ ಮಾಷ್ಟ್ರೂ ಒಪ್ಪಲಿಲ್ಲ. ಆಕಾಶಕ್ಕೆ ಅವರು ಇಗರ್ಜಿಯ ರೂಢಿಯಂತೆ ಚೇಲುಮ್ ಎನ್ನುತ್ತಾರೆ, ನಾವು ಹಳೆಯ ರೋಮಿನ ರೀತಿಯಲ್ಲಿ ಕೈಲುಮ್ ಎನ್ನುತ್ತೇವೆ. ಮಕ್ಕಳಿಗೆ ಎರಡೂ ಕಿವಿಗೆ ಬಿದ್ದಿರಲಿ ಎಂದು ಬಿಟ್ಟೆವು.

ಮಗನದು ಬೇರೆ. ಅವನಿಗೆ ಪಟ್ಟಿ, ಕೋಷ್ಟಕ, ಖಾಲಿ ಜಾಗ ಎಂದರೆ ಪ್ರಾಣ. ಅವನು ಹಳೆಯ ಪೆಟ್ಟಿಗೆಯಲ್ಲೇ ಮುಂದುವರಿಯಲಿ, ಅಕ್ಕ ಓದುವಾಗ ಪಕ್ಕದಲ್ಲಿ ಕೂತಿರಲಿ.

ಹೊರಡುವ ಹಿಂದಿನ ದಿನ ಮಂಗಳೂರಿಗೆ ಹೋಗಿದ್ದೆವು. ಸೇಂಟ್ ಅಲೋಶಿಯಸ್ ಚಾಪೆಲಿನಲ್ಲಿ ಇಟಲಿಯ ಚಿತ್ರಕಾರ ಮೊಸ್ಕೇನಿಯ ಚಿತ್ರಗಳನ್ನು ನೋಡಿ, ಉಳ್ಳಾಲದ ಕಡೆಗೆ ನೇತ್ರಾವತಿ ಸೇತುವೆ ದಾಟುವಾಗ ಮಗಳ ಕೈಗೆ ಒಂದು ಚೀಟಿ ಕೊಟ್ಟೆ. ಸುಮಾರು ಕ್ರಿ.ಶ. 77ರಲ್ಲಿ ರೋಮಿನ ಲೇಖಕ ಪ್ಲೀನಿ ಬರೆದ ಸಾಲು. ಕೇರಳದ ಮುಜಿರಿಸ್ ಬಂದರಿಗೆ ಹೋಗುವುದು ಒಳ್ಳೆಯದಲ್ಲ ಎನ್ನುತ್ತ ಅವನು ಕಾರಣ ಕೊಡುತ್ತಾನೆ: “ಪ್ರೊಪ್ತೆರ್ ವೀಕೀನೋಸ್ ಪೀರಾತಾಸ್, ಕ್ವೀ ಒಪ್ತಿನೆಂತ್ ಲೊಕುಮ್ ನೋಮಿನೆ ನಿತ್ರಿಯಾಸ್.” ಆ ನಿತ್ರಿಯಾಸ್ ನಮ್ಮ ನೇತ್ರಾವತಿಯ ದಡವೇ ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಇದನ್ನು ಅವಳಿಗೆ ಮೊದಲೇ ಹೇಳಿರಲಿಲ್ಲ.

ಪೆನ್ಸಿಲ್ ಇರಲಿಲ್ಲ. ಎರಡು ಸಲ ಬಾಯಲ್ಲಿ ಹೇಳಿಕೊಂಡಳು. “ನೆರೆಯ ಕಡಲ್ಗಳ್ಳರ ದೆಸೆಯಿಂದ... ಅವರು ಒಂದು ಜಾಗವನ್ನು ಹಿಡಿದಿದ್ದಾರೆ...” ‘ನೋಮಿನೆ’ಯ ಹತ್ತಿರ ನಿಂತಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸೀಟಿನಿಂದ ತಮ್ಮ “ಇಂದ! ಹೆಸರಿನಿಂದ!” ಎಂದು ಕೂಗಿದ. ಅವಳು ಚೀಟಿಯನ್ನೊಮ್ಮೆ ನೋಡಿ, ಕಿಟಕಿಯಾಚೆ ನದಿಯನ್ನೊಮ್ಮೆ ನೋಡಿ ಕೇಳಿದಳು: “ಅಪ್ಪಾ, ನಿತ್ರಿಯಾಸ್ ಅಂದರೆ ಇದೇನಾ?”