ಸ್ಮಾರ್ಟ್ ಬೋರ್ಡ್ ಇರಲಿ, ಉತ್ತರ ಯಾವ ಕಡೆ?

ಶಾಲೆಗೆ ಸ್ಮಾರ್ಟ್ ಬೋರ್ಡ್, ಅಂದರೆ ಬೆರಳಲ್ಲಿ ಮುಟ್ಟಿ ನಡೆಸುವ ದೊಡ್ಡ ಪರದೆ, ಬಂದರೆ ಮಕ್ಕಳು ಉದ್ಧಾರ ಆಗಿಬಿಡುತ್ತಾರೆ ಅನ್ನುವವರು ಇದ್ದಾರೆ. ಅದೆಲ್ಲ ದುಡ್ಡು ದಂಡ, ಸೀಮೆಸುಣ್ಣ ಸಾಕು ಅನ್ನುವವರೂ ಇದ್ದಾರೆ. ನಾನು ಹಿರಿಯೂರು ಕಡೆ ನಾಲ್ಕು, ಐದನೇ ತರಗತಿಗೆ ಪರಿಸರ ಅಧ್ಯಯನ ಪಾಠ ಮಾಡುವವಳು. ನನ್ನ ಪ್ರಕಾರ ಆ ಬೋರ್ಡಿನಿಂದ ಜಾಸ್ತಿ ಉಪಯೋಗ ಆಗುವುದು ಗಣಿತಕ್ಕಲ್ಲ, ಇಂಗ್ಲಿಷಿಗಲ್ಲ, ಭೂಗೋಳಕ್ಕೆ. ಆದರೆ ಈಗ ಅದನ್ನು ಬಳಸುತ್ತಿರುವ ರೀತಿಯಲ್ಲಿ ಮಾತ್ರ ಅಲ್ಲ.

ಈಗ ನಡೆಯುತ್ತಿರುವುದು ಇಷ್ಟೇ. ಬೋರ್ಡಿನ ಜೊತೆ ಬಂದ ಪೆನ್‌ಡ್ರೈವ್ ಹಾಕುತ್ತೇವೆ. ನದಿಗಳ ಪಾಠ ಒತ್ತಿದರೆ ಸಂಗೀತ ಶುರುವಾಗುತ್ತದೆ, ನೀಲಿ ಗೆರೆಗಳು ತಾವೇ ಹರಿಯುತ್ತವೆ, ಯಾರೋ ಗ್ರಾಂಥಿಕ ಕನ್ನಡದಲ್ಲಿ ಓದುತ್ತಾರೆ, ಮಕ್ಕಳು ಕೈಕಟ್ಟಿ ಕೂತು ನೋಡುತ್ತಾರೆ. ಇದು ಟಿವಿ ಅಲ್ವಾ? ಟಿವಿ ಅವರ ಮನೆಯಲ್ಲೇ ಇದೆ.

ಅದಕ್ಕಿಂತ ದೊಡ್ಡ ತೊಂದರೆ ದಿಕ್ಕಿನದು. ಯಾವುದೇ ಶಾಲೆಗೆ ಹೋಗಿ ನಾಲ್ಕನೇ ತರಗತಿಯ ಮಗುವನ್ನು ಉತ್ತರ ಎಲ್ಲಿದೆ ತೋರಿಸು ಅಂತ ಕೇಳಿ. ಅರ್ಧ ಜನ ಮೇಲೆ ಚಾವಣಿ ಕಡೆ ಕೈ ಮಾಡುತ್ತಾರೆ! ಪಾಪ, ಅವರ ತಪ್ಪಲ್ಲ. ನಕ್ಷೆ ಯಾವಾಗಲೂ ಗೋಡೆಯಲ್ಲಿ ನೇತಾಡುತ್ತಿರುತ್ತದೆ, ಉತ್ತರ ಯಾವಾಗಲೂ ಅದರ ತಲೆಯ ಮೇಲೆ. ಸ್ಮಾರ್ಟ್ ಬೋರ್ಡೂ ಅದೇ ಗೋಡೆಗೆ ಬಂದು ಕೂತರೆ ಈ ತಪ್ಪು ಇನ್ನೂ ಗಟ್ಟಿಯಾಗುತ್ತದೆ, ಅದೂ ಬಣ್ಣ ಬಣ್ಣವಾಗಿ.

ಆದರೆ ಕಾಗದದ ನಕ್ಷೆಯನ್ನು ಗೋಡೆಯ ಮೇಲೆ ತಿರುಗಿಸಿ ತೂಗುಹಾಕುವುದು ಕಷ್ಟ, ಬೋರ್ಡಿನಲ್ಲಿ ಭೂಮಿಯನ್ನು ಉಪಗ್ರಹ ಚಿತ್ರಗಳಲ್ಲಿ ತೋರಿಸುವ ಗೂಗಲ್ ಅರ್ಥ್ ಅನ್ನು ಎರಡು ಬೆರಳಲ್ಲಿ ತಿರುಗಿಸಬಹುದು. ನಮ್ಮ ಬೋರ್ಡ್ ಇರುವುದು ಪೂರ್ವದ ಗೋಡೆಯಲ್ಲಿ. ಹಾಗಾಗಿ ಮೊದಲು ನಮ್ಮೂರನ್ನು ತೆಗೆದು, ಪೂರ್ವ ಮೇಲಕ್ಕೆ ಬರುವ ಹಾಗೆ ತಿರುಗಿಸುತ್ತೇನೆ. ಈಗ ಮಗುವಿನ ಎಡಗೈ ಕಡೆ ನಕ್ಷೆಯಲ್ಲೂ ಉತ್ತರ, ನೆಲದ ಮೇಲೂ ಉತ್ತರ. ಆಮೇಲೆ ಹೈವೇ ಹುಡುಕಿಸಬೇಕು. ಹಿರಿಯೂರಿನ ಮಕ್ಕಳಿಗೆ ಹೈವೇ ಬಾಯಿಪಾಠ. ಲಾರಿ ಈ ಕಡೆ ಹೋದರೆ ಶಿರಾ, ತುಮಕೂರು, ಬೆಂಗಳೂರು, ಆ ಕಡೆ ಹೋದರೆ ಚಿತ್ರದುರ್ಗ, ದಾವಣಗೆರೆ. ನಿಜವಾದ ರಸ್ತೆ ಮತ್ತು ಬೋರ್ಡಿನ ರಸ್ತೆ ಒಂದೇ ಕಡೆ ಮುಖ ಮಾಡಿವೆ ಅಂತ ಗೊತ್ತಾದ ಮೇಲೆ ನಿಧಾನಕ್ಕೆ ನಕ್ಷೆಯನ್ನು ಉತ್ತರಕ್ಕೆ ತಿರುಗಿಸಿ ತೋರಿಸಿದರೆ, ಪುಸ್ತಕದಲ್ಲಿ ಯಾಕೆ ಹಾಗೆ ಬರೆದಿರುತ್ತಾರೆ ಅನ್ನುವುದು ಅವರಿಗೇ ಹೊಳೆಯುತ್ತದೆ.

ಇನ್ನು ನದಿ. ನಮ್ಮ ವೇದಾವತಿ ಎಷ್ಟೋ ಮಕ್ಕಳಿಗೆ ಜಾಲಿ ಬೆಳೆದ ಹಳ್ಳ, ಅಷ್ಟೇ. ವಿಡಿಯೋ ಬೇಡ, ಬೋರ್ಡನ್ನು ಮಗುವಿನ ಕೈಗೇ ಕೊಟ್ಟು ಹೊಳೆ ಹಿಡಿದು ಮೇಲಕ್ಕೆ ಹೋಗು ಅನ್ನಬೇಕು. ಹುಡುಗ ಎಳೆಯುತ್ತಾ ಹೋಗುತ್ತಾನೆ, ಮಾರಿಕಣಿವೆಯ ಕಟ್ಟೆ (ವಾಣಿವಿಲಾಸ ಸಾಗರ ಅಣೆಕಟ್ಟು) ಬರುತ್ತದೆ, ನೀರು ಅಗಲವಾಗುತ್ತದೆ. "ಮಿಸ್, ಹೊಳೆ ಕಳೆದುಹೋಯ್ತು!" ಹಿನ್ನೀರಿನ ಅಂಚಿಗೆ ಎಷ್ಟೊಂದು ಕವಲು, ಒಂದೊಂದೂ ಹೊಳೆಯ ಹಾಗೇ ಕಾಣುತ್ತದೆ. ಒಬ್ಬ ಒಂದು ಕವಲಿಗೆ ನುಗ್ಗುತ್ತಾನೆ, ಅದು ಹೊಲದಲ್ಲಿ ಮುಗಿದುಹೋಗುತ್ತದೆ. ಹಿಂದೆ ಕೂತವಳು ಅದಲ್ಲ ಕಣೋ, ಆ ಕಡೇದು ಅನ್ನುತ್ತಾಳೆ. ಜಗಳ. ಕೊನೆಗೆ ಸರಿಯಾದ ದಾರಿ ಸಿಕ್ಕಿ ಕಡೂರಿನ ಕಡೆಗೆ ಹೋಗಿ, ವೇದಾ, ಆವತಿ ಅಂತ ಎರಡಾಗಿ, ಚಂದ್ರದ್ರೋಣದ ಹಸಿರು ಬೆಟ್ಟ ಮುಟ್ಟುತ್ತಾರೆ. ಇಷ್ಟಕ್ಕೆ ಒಂದು ಪಿರಿಯಡ್ ಪೂರ್ತಿ ಹೋಗುತ್ತದೆ, ಹೋಗಲಿ ಬಿಡಿ. ಮಾರನೇ ದಿನ ಕೆಳಕ್ಕೆ: ಚಳ್ಳಕೆರೆ, ಬಳ್ಳಾರಿ ಸೀಮೆಯಲ್ಲಿ ಹಗರಿ ಅಂತ ಹೆಸರು ಬದಲಾಯಿಸಿಕೊಂಡು, ತುಂಗಭದ್ರೆ ಸೇರಿ, ಅಲ್ಲಿಂದ ಕೃಷ್ಣೆ, ಬಂಗಾಳ ಕೊಲ್ಲಿ. ನಡುವೆ ನೀರೇ ಇಲ್ಲದ ಕಡೆ ಮರಳನ್ನು ನೋಡಿ ಇದು ರಸ್ತೇನಾ ಹೊಳೇನಾ ಅಂತ ಮತ್ತೊಂದು ಜಗಳ.

ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಆಗ ಊರಿಗೆ ಊರೇ ನೋಡಲು ಹೋಗಿತ್ತು. ಗೂಗಲ್ ಅರ್ಥ್‌ನಲ್ಲಿ ಟೈಮ್‌ಲ್ಯಾಪ್ಸ್ ಅಂತ ಇದೆ, 1984ರಿಂದ ಈಚಿನ ಉಪಗ್ರಹ ಚಿತ್ರಗಳನ್ನು ವರ್ಷದ ಮೇಲೆ ವರ್ಷ ಓಡಿಸಿ ತೋರಿಸುತ್ತದೆ. ಅದೇ ಕಟ್ಟೆಯ ನೀರು ಕುಗ್ಗುವುದು, ಹಿಗ್ಗುವುದು ಕಣ್ಣೆದುರೇ ಕಾಣುತ್ತದೆ. ಬರ ಅನ್ನುವ ಪಾಠಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮನೆಯಲ್ಲಿ ಅಜ್ಜನನ್ನು ಕೇಳಿಕೊಂಡು ಬಂದು ಯಾವ ವರ್ಷ ಬೋರ್‌ವೆಲ್ ಬತ್ತಿತ್ತು ಅಂತ ಮಕ್ಕಳೇ ಹೇಳುತ್ತಾರೆ.

ದೂರದ ಜಗತ್ತಿಗೂ ಇದು ಬೇಕು. ಗೋಡೆ ನಕ್ಷೆ ಎಷ್ಟೋ ಕಡೆ ಇನ್ನೂ 1569ರ ಮರ್ಕೇಟರ್ ಲೆಕ್ಕದ್ದು, ಅಂದರೆ ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಲು ಮರ್ಕೇಟರ್ ಅನ್ನುವವನು ಮಾಡಿದ ಲೆಕ್ಕ. ಅದರಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ಕಾಣುತ್ತದೆ. ನಿಜವಾಗಿ ಆಫ್ರಿಕಾ ಅದರ ಸುಮಾರು 14 ಪಟ್ಟು. ನಮ್ಮ ಭಾರತವೇ ಗ್ರೀನ್‌ಲ್ಯಾಂಡ್‌ಗಿಂತ ದೊಡ್ಡದು. ಬೋರ್ಡಿನಲ್ಲಿ ಗೋಳವನ್ನು ತಿರುಗಿಸಿದರೆ ಈ ಗುಟ್ಟು ಒಂದೇ ನಿಮಿಷದಲ್ಲಿ ಬಯಲಾಗುತ್ತದೆ.

ಹಾಗಂತ ಎಲ್ಲದಕ್ಕೂ ಬೋರ್ಡ್ ಬೇಡ. ಇಳಿಜಾರು, ಮಣ್ಣು, ನೀರು ಹರಿಯುವುದು, ಇವಕ್ಕೆ ಶಾಲೆಯ ಹಿಂದೆ ಮಣ್ಣಿನ ಗುಡ್ಡೆ ಮಾಡಿ ಒಂದು ಚೊಂಬು ನೀರು ಸುರಿದರೆ ಸಾಕು. ನಡೆದು ಹೋಗಿ ನೋಡಬಹುದಾದ ಕೆರೆಯನ್ನು ಬೋರ್ಡಿನಲ್ಲಿ ತೋರಿಸಿ ಮುಗಿಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ, ಹೇಳಿಬಿಡುತ್ತೇನೆ.

ಕೊನೆಗೆ ಬೋರ್ಡ್ ದಾನ ಕೊಡುವ ಕಂಪನಿಯವರಿಗೆ, ಹಳೆಯ ವಿದ್ಯಾರ್ಥಿ ಸಂಘದವರಿಗೆ ಒಂದು ಕೋರಿಕೆ. ಬೋರ್ಡನ್ನು ದೊಡ್ಡವರ ಎತ್ತರಕ್ಕೆ ಕೂರಿಸಬೇಡಿ. ಈಗ ನಾಲ್ಕನೇ ತರಗತಿಯ ಮಗುವಿಗೆ ಕನ್ಯಾಕುಮಾರಿ ಎಟುಕುತ್ತದೆ, ಕರ್ನಾಟಕ ತುದಿಗಾಲಲ್ಲಿ ನಿಂತರೆ, ಕಾಶ್ಮೀರ ಮುಟ್ಟಲು ಬೆಂಚು ಹತ್ತಬೇಕು. ಜೊತೆಗೆ ಫೋಟೋ ಫ್ಲೆಕ್ಸಿಗೆ ಹಾಕುವ ದುಡ್ಡಲ್ಲಿ ಒಂದು ವರ್ಷದ ಇಂಟರ್ನೆಟ್ ಹಾಕಿಸಿ, ಸುಮ್ನೆ ಮೇಷ್ಟ್ರ ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡು ಪಾಠ ಮಾಡೋಕಾಗಲ್ಲ. ಸಾಧ್ಯವಾದರೆ ಬೋರ್ಡನ್ನು ಉತ್ತರದ ಗೋಡೆಗೇ ಹಾಕಿ. ಅಲ್ಲಿ ಕಿಟಕಿ ಇದ್ದರೆ ಯಾವ ಗೋಡೆಯಾದರೂ ಪರವಾಗಿಲ್ಲ, ತಿರುಗಿಸುವ ಕೆಲಸ ನಾವು ನೋಡಿಕೊಳ್ಳುತ್ತೇವೆ.