ಸ್ಪಷ್ಟನೆ: ವಾಲ್ವ್ ಸ್ಪ್ರಿಂಗ್ ಮೆಸೇಜ್ ಅರ್ಧ ಮಾತ್ರ ಸರಿ

ಕೊಡಚಾದ್ರಿ ಕಡೆ ಜೀಪ್ ಓಡಿಸುವವರ ಮೊಬೈಲ್‌ಗಳಲ್ಲಿ ಎಂಜಿನ್‌ನ ವಾಲ್ವ್ ಮುಚ್ಚುವ ಸ್ಪ್ರಿಂಗ್ ಬಗ್ಗೆ ಒಂದು ಮೆಸೇಜ್ ಸುತ್ತುತ್ತಿದೆ: ‘ವಾಲ್ವ್ ಸ್ಪ್ರಿಂಗನ್ನು ವೈಸ್‌ನಲ್ಲಿ (ಬಿಗಿಹಿಡಿಯುವ ಸಾಧನ) ಸುತ್ತುಗಳು ತಾಗುವವರೆಗೆ ಒತ್ತಿ ಅಳೆಯಿರಿ. ಅಲ್ಲಿಯವರೆಗೂ ವಾಲ್ವ್ ತೆರೆಯಬಹುದು.’ ಅಳೆಯುವ ಕ್ರಮ ಸರಿ. ಕೊನೆಯ ಮಾತು ತಪ್ಪು.

ಸುತ್ತುಗಳು ತಾಗಿದ ಮೇಲೆ ಅದು ಸ್ಪ್ರಿಂಗ್ ಅಲ್ಲ, ಬರೀ ಕಬ್ಬಿಣದ ತುಂಡು. ಆಮೇಲೂ ವಾಲ್ವ್ ತೆರೆಯಲು ಹೋದರೆ ಅದನ್ನು ತಳ್ಳುವ ಕಡ್ಡಿ, ಅಂದರೆ ಪುಶ್‌ರಾಡ್ ಬಾಗುತ್ತದೆ, ಆ ಕಡ್ಡಿಯನ್ನು ಎತ್ತುವ ಕ್ಯಾಮ್ ಹಾಳಾಗುತ್ತದೆ. ಎಂಜಿನ್‌ನ ಮೇಲ್ಭಾಗವಾದ ಹೆಡ್‌ನಲ್ಲಿ ಕೂರಿಸಿದಾಗ ಸ್ಪ್ರಿಂಗ್‌ನ ಎತ್ತರ 40 ಮಿ.ಮೀ., ತಾಗಿದಾಗ 28 ಅಂದುಕೊಳ್ಳಿ. ಆ 12 ಪೂರ್ತಿ ಬಳಸೋ ಹಾಗಿಲ್ಲ. ಸಾಮಾನ್ಯವಾಗಿ ಒಂದೂವರೆ ಮಿ.ಮೀ. ಬಿಡುತ್ತಾರೆ, ವಾಲ್ವ್ ತೆರೆಯಲು ಉಳಿಯುವುದು 10.5. ನಿಮ್ಮ ಎಂಜಿನ್‌ನ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದನ್ನೇ ನಂಬಿ.

ಉದ್ದ ಸರಿ ಇದ್ದ ಮಾತ್ರಕ್ಕೆ ಬಲವೂ ಸರಿ ಅಂತಲ್ಲ. ಅದಕ್ಕೆ ಸ್ಪ್ರಿಂಗ್ ಬಲ ಅಳೆಯುವ ಟೆಸ್ಟರ್ ಬೇಕು. ಶಿವಮೊಗ್ಗದಲ್ಲಿ ಹೆಡ್ ಕೆಲಸ ಮಾಡುವವರನ್ನು ಕೇಳಿ. ಒತ್ತುವಾಗ ರಕ್ಷಣಾ ಕನ್ನಡಕ ಮರೀಬೇಡಿ, ಜಾರಿದರೆ ಸ್ಪ್ರಿಂಗ್ ನೇರ ಮುಖಕ್ಕೇ ಹಾರುತ್ತದೆ.