ಬಲಗೈಗೆ ಮಾತ್ರ

ಮನೆಯಲ್ಲಿ ಗಿಟಾರ್ ರೆಕಾರ್ಡ್ ಮಾಡುವ ಬಗ್ಗೆ ನನಗೆ ಈಚೆಗೆ ಒಂದು ದೊಡ್ಡ ಸತ್ಯ ಹೊಳೆದಿದೆ. ಅದನ್ನು ಬರೆಯೋಣ ಎಂದು ಕೂತಿದ್ದೆ. ಅತ್ತಿಗೆ ಕರೆದರೆಂದು ಎದ್ದು ಹೋಗಿ ಹಲಸಿನ ಸೊಳೆ ಬಿಡಿಸಲು ಕೈಹಾಕಿದೆ. ಉಂಗುರ ಬೆರಳಿನ ಉಗುರು ಟಕ್ಕೆಂದು ಹೋಯಿತು. ಅದೂ ಬಲಗೈಯದ್ದು. ಸತ್ಯ ಸ್ವಲ್ಪ ಕಾಯಲಿ, ಮೊದಲು ಉಗುರಿನದ್ದು ಮುಗಿಸುತ್ತೇನೆ.

ನನ್ನ ಎಡಗೈ ಉಗುರುಗಳು ಬೋಳು, ಬಲಗೈಯವು ಉದ್ದ. ಎಡಗೈ ಗಿಟಾರಿನ ತಂತಿ ಒತ್ತಲಿಕ್ಕೆ, ಬಲಗೈ ಉಗುರು ಮೀಟಲಿಕ್ಕೆ. ನಮ್ಮ ಕಾಸರಗೋಡು ಕಡೆ ಬದಿಯಡ್ಕದಿಂದ ಕುಂಬಳೆಯವರೆಗಿನ ಮದುವೆ, ಉಪನಯನ, ಮನೆಯೊಕ್ಕಲುಗಳಲ್ಲೆಲ್ಲ ಇದಕ್ಕೆ ಸಮಜಾಯಿಷಿ ಕೊಟ್ಟು ಸಾಕಾಗಿದೆ. ಪಂಕ್ತಿಯಲ್ಲಿ ಕೂತರೆ ಎಲೆಗೆ ಮೊದಲು ಉಪ್ಪು ಬೀಳುತ್ತದೆ, ಅದರ ಹಿಂದೆಯೇ ಪ್ರಶ್ನೆ. "ಎಂತ ಮಗಳೆ, ಒಂದು ಕೈಗೆ ಮಾತ್ರ ಉಗುರು?" ಉಗುರಿನ ಸಂದಿಗೆ ಸಾಂಬಾರು ಹೋಗುವುದಿಲ್ಲವಾ ಎಂದು ದೊಡ್ಡಮ್ಮಂದಿರ ಚಿಂತೆ. ಹೋಗುತ್ತದೆ. ಅರಸಿನದ ಬಣ್ಣ ಮರುದಿನವೂ ಇರುತ್ತದೆ. ಗಿಟಾರಿಗೆ ಬೇಕು ಎಂದರೆ, "ಅದಕ್ಕೆ ಪ್ಲಾಸ್ಟಿಕ್ಕಿನ ಚೂರು ಸಿಗ್ತದಲ್ಲ, ನಮ್ಮ ಹುಡುಗನ ಹತ್ರ ಉಂಟು" ಎನ್ನುತ್ತಾರೆ. ಅದು ಉಕ್ಕಿನ ತಂತಿಯ ಗಿಟಾರ್, ನನ್ನದು ನೈಲಾನಿನದ್ದು, ಬೆರಳಿನಲ್ಲೇ ಮೀಟುವುದು ಎನ್ನುವಷ್ಟರಲ್ಲಿ ಪಾಯಸ ಬಂದಿರುತ್ತದೆ.

ವೀಣೆಗೆ ಎಂದಿದ್ದರೆ ಒಬ್ಬರೂ ಮತ್ತೆ ಕೇಳುತ್ತಿರಲಿಲ್ಲ. ವೀಣೆಗೆ ಉಗುರು ಬಿಟ್ಟವಳು ಒಳ್ಳೆ ಮನೆಯ ಹುಡುಗಿ, ಗಿಟಾರಿಗೆ ಬಿಟ್ಟವಳು ಕೆಲಸಗಳ್ಳಿ. ಈ ನ್ಯಾಯ ನನಗಂತೂ ಇವತ್ತಿಗೂ ಜೀರ್ಣವಾಗಿಲ್ಲ.

ಹಾಗೆ ನೋಡಿದರೆ ಉಗುರಿನ ತಕರಾರು ನಮ್ಮ ಊರಿನದ್ದಲ್ಲ. ಫರ್ನಾಂಡೊ ಸೋರ್ ಮತ್ತು ಡಿಯೊನಿಸಿಯೊ ಅಗ್ವಾದೊ ಇಬ್ಬರೂ ಸ್ಪೇನಿನವರು, ಪ್ಯಾರಿಸಿಗೆ ಹೋಗಿ ನೆಲೆಸಿದ್ದ ದೊಡ್ಡ ಗಿಟಾರಿಸ್ಟುಗಳು. ಸೋರ್ ಬರಿಬೆರಳಿನವರು. ಉಗುರಿನಿಂದ ನುಡಿಸುವವರನ್ನು ಕೇಳಿ ಸಹಿಸುವುದೇ ಕಷ್ಟ ಎಂಬರ್ಥದಲ್ಲಿ 1830ರ ತಮ್ಮ ಪಾಠದ ಪುಸ್ತಕದಲ್ಲೇ ಬರೆದುಬಿಟ್ಟರು. ಅಗ್ವಾದೊ ಉಗುರಿನವರು. ಅಷ್ಟಾದ ಮೇಲೂ ಇಬ್ಬರೂ ಜೊತೆಗೆ ನುಡಿಸಲೆಂದು ಸೋರ್ ಒಂದು ಯುಗಳ ಬರೆದರು, ಅದಕ್ಕೆ 'ಇಬ್ಬರು ಗೆಳೆಯರು' ಎಂದೇ ಹೆಸರಿಟ್ಟರು. ನಮ್ಮ ಕಡೆಯಾಗಿದ್ದರೆ ಒಬ್ಬರ ಮನೆಯ ಪೂಜೆಗೆ ಇನ್ನೊಬ್ಬರು ಹೋಗುವುದು ಅಲ್ಲಿಗೇ ನಿಲ್ಲುತ್ತಿತ್ತು.

ನಾನು ಈಗ ಕಲಿಯುತ್ತಿರುವುದು ಸ್ಪೇನಿನ ಇನ್ನೊಬ್ಬ ಗಿಟಾರಿಸ್ಟ್ ಫ್ರಾನ್ಸಿಸ್ಕೊ ತಾರೆಗಾ ಅವರ 'ಲಾಗ್ರಿಮಾ'. ಒಂದೇ ಪುಟ. ಮೊದಲರ್ಧ ಇ ಮೇಜರ್ ಎಂಬ ಸ್ವರಶ್ರೇಣಿಯಲ್ಲಿ, ಉಳಿದದ್ದು ಇ ಮೈನರ್‌ನಲ್ಲಿ. ಕಲಿಯುವವರಿಗೆ ಕೊಡುವ ತುಂಡುಗಳಲ್ಲಿ ಅದೂ ಒಂದು, ಸುಲಭ ಎಂದು ಹೇಳಿ ಕೊಡುತ್ತಾರೆ. ಸುಲಭ ಎಂದವರು ಅದರ ಎರಡನೇ ಭಾಗದಲ್ಲಿ ತೋರುಬೆರಳನ್ನು ಅಡ್ಡ ಮಲಗಿಸಿ ಅಷ್ಟೂ ತಂತಿ ಒತ್ತಿ ನೋಡಲಿ. ಈ ತಾರೆಗಾ ಕೂಡ ಕೊನೆಯ ವರ್ಷಗಳಲ್ಲಿ ಉಗುರು ಕತ್ತರಿಸಿ ಬರಿಬೆರಳಿಗೆ ಬಂದರು. 1909ರಲ್ಲಿ ತೀರಿಕೊಂಡರು. ಆಮೇಲೆ ಬಂದ ಸ್ಪೇನಿನದ್ದೇ ಗಿಟಾರಿಸ್ಟ್ ಆಂಡ್ರೆಸ್ ಸೆಗೋವಿಯಾ ಉಗುರು ಸೇರಿಸಿಯೇ ನುಡಿಸಿದರು, ಲೋಕವೆಲ್ಲ ಅವರ ಹಿಂದೆ ಹೋಯಿತು. ಹೀಗೆ ಎಲ್ಲಿಯದೋ ಜಗಳದ ತೀರ್ಪು ನೀರ್ಚಾಲಿನ ನನ್ನ ಬೆರಳಿನ ಮೇಲೆ ಬಂದು ಕೂತಿದೆ.

ಮುರಿದ ಉಗುರಿಗೆ ಮದ್ದು ಇಲ್ಲದಿಲ್ಲ. ಪಿಂಗ್‌ಪಾಂಗ್ ಚೆಂಡಿನಿಂದ ಸಣ್ಣ ತುಂಡು ಕತ್ತರಿಸಿ, ಫೆವಿಕ್ವಿಕ್ ಹಾಕಿ ಉಗುರಿನ ಅಡಿಗೆ ಅಂಟಿಸುವುದು. ಚೆಂಡಿನ ಬಾಗು ಉಗುರಿಗೆ ಸರಿಯಾಗಿ ಕೂರುತ್ತದೆ. ಆಮೇಲೆ ಹಾರ್ಡ್‌ವೇರ್ ಅಂಗಡಿಯ 1000 ನಂಬರಿನ ವಾಟರ್ ಪೇಪರಿನಲ್ಲಿ ಅಂಚು ಉಜ್ಜಬೇಕು. ಕೆನ್ನೆಗೆ ತಾಗಿಸಿದರೆ ಒಂದಿಷ್ಟೂ ತರಿ ಗೊತ್ತಾಗಬಾರದು. ತರಿ ಉಳಿದರೆ ಮೈಕ್ ಹತ್ತಿರ ಇಟ್ಟಾಗ ಪ್ರತಿ ಸ್ವರದ ಮೊದಲು ಕರ್ರ್ ಎಂದು ಕೇಳುತ್ತದೆ. ಹಿಂದೆ ಹೀಗೇ ಮುರಿದಾಗ ಕಾಸರಗೋಡು ಪೇಟೆಯಲ್ಲಿ ಒಂದೇ ಒಂದು ಚೆಂಡು ಕೇಳಿದೆ. ಅಂಗಡಿಯ ಹುಡುಗ, "ಬ್ಯಾಟ್ ಬೇಂಡೇ ಚೇಚೀ?" ಎಂದ. ಬೇಡ ಎಂದೆ. "ನೆಟ್?" ಅದೂ ಬೇಡ. ಅವನು ನನ್ನ ಕೈ ನೋಡಿದ. ಎರಡೂ ಕೈ ನೋಡಿದ. ಚಿಲ್ಲರೆ ಕೊಡುವಾಗ ಮತ್ತೊಮ್ಮೆ ನೋಡಿದ.

ಇಷ್ಟೆಲ್ಲ ಮಾಡಿ ಉಗುರು ಸರಿಯಾದ ದಿನ ಮಳೆ ಹಿಡಿದಿರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಊರು. ಸೋರುವುದು ಬೇಡ ಎಂದು ಟೆರೇಸಿಗೆ ಹಾಕಿಸಿದ ತಗಡಿನ ಶೀಟು. ಅದರ ಕೆಳಗೆ ಕೂತು ಮೆತ್ತಗೆ ನುಡಿಸಿದ್ದನ್ನು ಮೊಬೈಲು ಹೇಗೆ ಹಿಡಿಯಬೇಕು? ಅದೂ ಸ್ವರ ಸಣ್ಣದಾದಾಗೆಲ್ಲ ತಾನಾಗಿಯೇ ಕಿವಿ ದೊಡ್ಡದು ಮಾಡಿಕೊಂಡು ಮಳೆಯನ್ನೇ ಎತ್ತಿ ತೋರಿಸುತ್ತದೆ. ಮಳೆ ಬಿಟ್ಟಿತು ಎಂದರೆ ಅಡಿಕೆ ತೋಟಕ್ಕೆ ಮದ್ದು ಬಿಡುವವರು ಬಂದರು. ಕೊಳೆರೋಗ ಕಾಯುವುದಿಲ್ಲ, ಮೈಲುತುತ್ತು ಸುಣ್ಣ ಕಲಸಿ ಪಂಪ್ ಸ್ಟಾರ್ಟ್. ಪಂಪ್ ನಿಂತರೆ ನವಿಲು. ನವಿಲು ಚೆಂದ ಎಂದು ಬರೆದವರಲ್ಲಿ ಯಾರೂ ಅದು ಕೂಗುವಾಗ ರೆಕಾರ್ಡಿಂಗಿಗೆ ಕೂತವರಲ್ಲ.

"ಅತ್ತೇ, ಒಂದು ಆಪ್ ಉಂಟು, ಬೇಡದ ಶಬ್ದ ಎಲ್ಲ ತೆಗೀತದೆ" ಎಂದು ಅಣ್ಣನ ಮಗ ಹಾಕಿಕೊಟ್ಟ. ಪಂಪಿನ ಸದ್ದು ಹೋಯಿತು, ನಿಜ. ಅದರ ಜೊತೆ ಸ್ವರಗಳ ಬಾಲವೂ ಹೋಯಿತು. ನೈಲಾನ್ ತಂತಿ ಮೀಟಿದ ಮೇಲೆ ಮೆಲ್ಲ ಮೆಲ್ಲ ಸಣ್ಣದಾಗುತ್ತಾ ಹೋಗುವುದುಂಟಲ್ಲ, ನನಗೆ ಬೇಕಾದ್ದೇ ಅದು. ಆಪಿಗೆ ಅದು ಬೇಡದ ಶಬ್ದ. ಕೇಳಿದರೆ ಯಾರೋ ತಂತಿಯನ್ನು ಮುಟ್ಟಿ ಮುಟ್ಟಿ ಓಡಿಹೋದ ಹಾಗಿತ್ತು. ನನಗೆ ಸಿಟ್ಟು ಬಂದು ಆಪಿಗೂ ಅದನ್ನು ಮಾಡಿದವರಿಗೂ ಸೇರಿಸಿ ಬೈದೆ.

ಅವನು ನಿಧಾನಕ್ಕೆ ಇಯರ್‌ಫೋನ್ ತೆಗೆದ. "ನೀವು ಚೆಂಡೆ ಕಲೀಬಹುದಿತ್ತು ಅತ್ತೇ. ಮಳೆ, ಪಂಪು, ನವಿಲು, ಎಂತ ಬಂದರೂ ತೊಂದರೆ ಇಲ್ಲ."

"ಉಗುರೂ ಬೇಡ" ಎಂದರು ಅತ್ತಿಗೆ, ಅಡುಗೆಮನೆಯಿಂದಲೇ.